ಪ್ರಶಸ್ತಿ ಬಿಡಿ, ಮಾವಿನಕಾಯಿ ಕದ್ದ ಕಥೆ ಹೇಳಿ

ಹತ್ತು ವರ್ಷದ ಮಗಳು ಸಾಧಕಿಯರ ಪುಸ್ತಕ ಎರಡು ಪುಟ ಓದಿ ಇಟ್ಟುಬಿಡುತ್ತಾಳೆ, ಯಾರ ಕಥೆ ಕೊಟ್ಟರೆ ಸ್ಫೂರ್ತಿ ಬರುತ್ತದೆ ಅಂತ ಕೇಳಿದ್ದೀರಿ. ಓದಿದ ಕೂಡಲೇ ಬ್ಯಾಡಗಿ ತಾಲೂಕಿನಲ್ಲಿ ನಾನು ಕಲಿಸುತ್ತಿದ್ದ ಹಳೇ ಐದನೆತ್ತೆ, ಅಂದರೆ ಐದನೇ ಕ್ಲಾಸು, ಕಣ್ಮುಂದೆ ಬಂತು.

ಶನಿವಾರ ಬೆಳಗಿನ ಸಾಲಿ. ಕೊನೇ ಪಿರಿಯಡ್‌ನಲ್ಲಿ ವಾರಕ್ಕೊಬ್ಬ ಸಾಧಕಿಯ ಪರಿಚಯ ಮಾಡಿಸುತ್ತಿದ್ದೆ. ಡ್ರಾಯಿಂಗ್ ಶೀಟಿಗೆ ಫೋಟೋ ಅಂಟಿಸಿ, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಪ್ರಶಸ್ತಿಗಳು. ಅವತ್ತು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. ಪದ್ಮಭೂಷಣ 1971, ಪದ್ಮವಿಭೂಷಣ 2002 ಅಂತ ಬರೆಸಿ, ಯಾವಾಗಿನಂತೆ "ನೀವೂ ಹಿಂಗ ಆಗಬೇಕು ನೋಡ್ರಿ" ಅಂದೆ. ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಅದು ಮೆಣಸಿನಕಾಯಿ ಸುಗ್ಗಿ. ಅವ್ವನ ಜೊತೆ ತೊಟ್ಟು ಬಿಡಿಸಿ ಬಿಡಿಸಿ ಕೈ ಉರಿಯುತ್ತದೆ ಅಂತ ಪೆನ್ಸಿಲನ್ನು ಬೆರಳ ತುದಿಯಲ್ಲಷ್ಟೇ ಹಿಡಿಯುತ್ತಿದ್ದಳು.

"ಅಕ್ಕೋರ, ಅವ್ರು ನನ್ನಷ್ಟ ಇದ್ದಾಗ ಏನ್ ಮಾಡ್ತಿದ್ರುರೀ?"

"ಅದೆಲ್ಲಾ ಬ್ಯಾಡ, ಬೋರ್ಡಿನ್ಯಾಗ ಇದ್ದದ್ದು ಬರ್ಕೋ" ಅಂದೆ.

ನಾನು ಮಾಡಿದ ತಪ್ಪು ಇದೇ. ಉತ್ತರ ನನಗೇ ಗೊತ್ತಿರಲಿಲ್ಲ, ಅದಕ್ಕೇ ಗದರಿದೆ. ಆದರೆ ತಪ್ಪು ಶುರುವಾದದ್ದು ಅದಕ್ಕೂ ಮೊದಲು, ಕಥೆಯನ್ನು ಪ್ರಶಸ್ತಿಯಿಂದ ಹಿಡಿದಾಗಲೇ. ಪ್ರಶಸ್ತಿ ಬರುವ ಹೊತ್ತಿಗೆ ಅವರಿಗೆ ವಯಸ್ಸಾಗಿದೆ, ಊರೆಲ್ಲ ಒಪ್ಪಿಕೊಂಡಾಗಿದೆ. ಅಲ್ಲಿ ಹತ್ತು ವರ್ಷದ ಹುಡುಗಿಗೇನು ಕೆಲಸ? ಆ ಮಗು ತನ್ನ ವಯಸ್ಸಿನ ಗಂಗೂಬಾಯಿಯನ್ನು ಕೇಳಿತು, ನಾನು ಇಸವಿ ಕೊಟ್ಟೆ. ಮೇಲೆ "ನೀವೂ ಹಿಂಗ ಆಗಬೇಕು" ಅಂದು ಕಥೆಯನ್ನು ಹೋಮ್‌ವರ್ಕ್ ಮಾಡಿಟ್ಟೆ. ಮತ್ತೆಂದೂ ಅವಳು ನನ್ನನ್ನು ಏನೂ ಕೇಳಲಿಲ್ಲ. ಶನಿವಾರ ಬರುವುದನ್ನೂ ಬಿಟ್ಟಳು. ಅವಳ ನೋಟ್‌ಬುಕ್ಕಿನ ಆ ಪುಟದಲ್ಲಿ ಎರಡು ಪ್ರಶಸ್ತಿ, ಎರಡು ಇಸವಿ, ಅಂಚಿಗೆ ಕೆಂಪು ಬೆರಳಚ್ಚು. ಉಳಿದದ್ದು ಖಾಲಿ.

ಅವಳಿಗೆ ಹೇಳಬೇಕಾಗಿದ್ದ ಉತ್ತರ ಸಿಕ್ಕಿದ್ದು ಆಮೇಲೆ. ಗಂಗೂಬಾಯಿಯವರೇ ಹೇಳಿಕೊಂಡಿದ್ದಾರೆ: ಸಣ್ಣವರಿದ್ದಾಗ ಧಾರವಾಡದ ಶುಕ್ರವಾರಪೇಟೆಯಲ್ಲಿ ಶ್ರೀಮಂತರೊಬ್ಬರ ತೋಟಕ್ಕೆ ಮಾವಿನಕಾಯಿ ಕೀಳಲು ನುಗ್ಗಿದ್ದರಂತೆ. ಕಳ್ಳತನಕ್ಕಿಂತ ಹೆಚ್ಚಾಗಿ, ಹಾಡುವವರ ಮನೆ ಹುಡುಗಿ ಕಾಲಿಟ್ಟು ತೋಟ ಮೈಲಿಗೆಯಾಯಿತು ಅಂತ ಬೈಸಿಕೊಂಡರಂತೆ. ಮುಂದೆ ಅದೇ ಜನ ಮನೆಗೆ ಕರೆದರು. ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಓಡಿಹೋಗಿ ನಿಲ್ಲುತ್ತಿದ್ದ ಹುಡುಗಿ ಅದು.

ಮರುವರ್ಷದ ಐದನೆತ್ತೆಗೆ ಇದನ್ನಷ್ಟೇ ಹೇಳಿದೆ, ಫೋಟೋ ಇಲ್ಲ, ಇಸವಿ ಇಲ್ಲ. ಮೊದಲು "ಹಣ್ಣೋ ಕಾಯೋ" ಅಂತ ಜಗಳ. ಆಮೇಲೆ ಒಬ್ಬ ಹುಡುಗ ಮೆಲ್ಲಗೆ, "ಅಕ್ಕೋರ, ನನಗೂ ಒಂದ್ ಮನ್ಯಾಗ ಒಳಗ ಬರಬ್ಯಾಡ ಅಂದಾರ್ರೀ" ಅಂದ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹೆಣ್ಣುಮಕ್ಕಳ ಕಥೆ ಹೆಣ್ಣುಮಕ್ಕಳಿಗಷ್ಟೇ ಅನ್ನುವುದನ್ನು ನಾನು ಅವತ್ತೇ ಬಿಟ್ಟೆ. ನಿಮಗೆ ಮಗನೂ ಇದ್ದರೆ ಅವನನ್ನೂ ಕೂಡಿಸಿಕೊಳ್ಳಿ.

ಆದ್ದರಿಂದ ಯಾರ ಕಥೆ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಪಟ್ಟಿ ಕೊಡುವುದಿಲ್ಲ. ಸ್ಫೂರ್ತಿ ತುಂಬುವ ಆಸೆಯನ್ನೇ ಬಿಡಿ. ಅವರು ನಿಮ್ಮ ಮಗಳಷ್ಟಿದ್ದಾಗ, ಇಲ್ಲಾ ಇನ್ನೂ ಏನೂ ಆಗಿರದಿದ್ದಾಗ ಹೇಗಿದ್ದರು ಅನ್ನುವಲ್ಲಿಂದ ಹಿಡಿಯಿರಿ. ತೆಲಂಗಾಣದ ಕೂಲಿಕಾರರ ಮಗಳು ಮಾಲಾವತ್ ಪೂರ್ಣಾ 2014ರಲ್ಲಿ ಎವರೆಸ್ಟ್ ಏರಿದಾಗ 13 ವರ್ಷ 11 ತಿಂಗಳು. ನಾನು ಎವರೆಸ್ಟ್ ಕೊನೆಗೆ ಇಟ್ಟು, ಆಕೆ ಹತ್ತಲು ಕಲಿತ ಭೋನಗಿರಿ ಬಂಡೆಯಿಂದ ಶುರು ಮಾಡುತ್ತೇನೆ. ಸುಧಾ ಮೂರ್ತಿಯವರಾದರೆ ಹುಬ್ಬಳ್ಳಿ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬಳೇ ಹುಡುಗಿ, ಸೀರೆಯೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು ಅನ್ನುವ ಷರತ್ತಿನಿಂದ. ಮುಂದಿನದನ್ನು ಮಕ್ಕಳೇ ಕೇಳುತ್ತವೆ. ಕೇಳದಿದ್ದರೆ ಸುಮ್ಮನಿದ್ದುಬಿಡಿ.

ನೀವು ಹಾವೇರಿಯವರು ಅಂದಿದ್ದೀರಿ. ಹುಬ್ಬಳ್ಳಿಗೆ ಹೋಗುವಾಗ ಪ್ಯಾಸೆಂಜರ್ ಗಾಡಿಗೆ ಮಗಳನ್ನು ಕಿಟಕಿ ಪಕ್ಕ ಕೂಡಿಸಿ. ಕುಂದಗೋಳ ಸ್ಟೇಷನ್ ಬಂದಾಗ, ಗಂಗೂಬಾಯಿ ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇಳಿಯುತ್ತಿದ್ದದ್ದು ಇಲ್ಲೇ, ಗುರು ಸವಾಯಿ ಗಂಧರ್ವರು ಇದೇ ಊರಿನವರು ಅಂತ ಹೇಳಿ. ಪದ್ಮವಿಭೂಷಣದ ಮಾತು ಮಾತ್ರ ಎತ್ತಬೇಡಿ.