ಹಳೇ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ಮಡಿಕೆ ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿ ಕೂತ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಸೀರೆ ಪೂರ್ತಿ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದರೆ ಸಣ್ಣ ತೂತು, ಸವೆದ ಎಳೆ ಎಲ್ಲ ಕಾಣುತ್ತದೆ. ಮೆಲ್ಲಗೆ ಎಳೆದಾಗ 'ಚರ್' ಅಂತೋ, ಅದು ಉಡುವ ಸೀರೆಯಲ್ಲ. ಅಂಚು, ಸೆರಗು ಕತ್ತರಿಸಿ ಬ್ಲೌಸಿಗೋ ದಿಂಬಿನ ಕವರಿಗೋ ಮಾರಬಹುದು.

ಆಮೇಲೆ ಜರಿ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ. ಬೆಳ್ಳಿ ಇರುವುದರಿಂದಲೇ ಅದು ಕಪ್ಪಾಗುತ್ತದೆ, ಕಪ್ಪಾಯಿತೆಂದು ನಕಲಿ ಅನ್ನಬೇಡಿ. ಉಗುರಿನಿಂದ ಗೀಚಿದಾಗ ಒಳಗೆ ಕೆಂಪು ರೇಷ್ಮೆ ಎಳೆ ಕಂಡರೆ ಸಾಮಾನ್ಯವಾಗಿ ಅಸಲಿ, ತಾಮ್ರದ ಬಣ್ಣದ ಲೋಹ ಕಂಡರೆ ನಕಲಿ. ಬೀದಿಯಲ್ಲಿ 'ಹಳೇ ಜರಿ ಸೀರೇ' ಎಂದು ಕೂಗುತ್ತ ಬರುವವರು ಕೊಳ್ಳುವುದು ಸೀರೆಯನ್ನಲ್ಲ, ಬೆಳ್ಳಿಯನ್ನು. ಅವರು ಕೊಡುವ ದರವೇ ನಿಮ್ಮ ಕನಿಷ್ಠ ಬೆಲೆ ಅಂದುಕೊಳ್ಳಿ.

ಇಳಕಲ್ ಸೀರೆಯಾದರೆ ಮೈ ಮತ್ತು ಸೆರಗು ಸೇರುವ ಜಾಗ ನೋಡಿ. ಎರಡರ ಹಾಸು ಎಳೆಗಳನ್ನು ಕುಣಿಕೆ ಹಾಕಿ ಸೇರಿಸಿದ 'ಕೊಂಡಿ' ಅಲ್ಲಿರುತ್ತದೆ. ಅದರ ಫೋಟೋ ಹತ್ತಿರದಿಂದ ತೆಗೆದು ಹಾಕಿ, ತಿಳಿದವರು ಅದನ್ನೇ ಕೇಳುತ್ತಾರೆ.

ಕಲೆಯ ಫೋಟೋವನ್ನೂ ಹಾಕಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ನಾನೊಮ್ಮೆ ನೆರಿಗೆಯೊಳಗೆ ಹೋಗುತ್ತೆ ಬಿಡು ಎಂದು ಎಣ್ಣೆ ಕಲೆಯ ಸುದ್ದಿ ಎತ್ತಲಿಲ್ಲ. ಸೀರೆ ವಾಪಸ್ ಬಂತು, ಎರಡೂ ಕಡೆಯ ಕೊರಿಯರ್ ದುಡ್ಡು ನನ್ನದೇ. ನುಸಿಗುಳಿಗೆ ವಾಸನೆ ಮಾತ್ರ ಫೋಟೋಕ್ಕೆ ಸಿಗಲ್ಲ: ಎರಡು ದಿನ ನೆರಳಲ್ಲಿ ಗಾಳಿಗೆ ಹಾಕಿ, ಬಿಸಿಲು ಬೇಡ.