ಮಳೆಗಾಲ ಮತ್ತು ಹಳೆಯ ಮ್ಯಾಗ್ನಂ ರಿವಾಲ್ವರ್: ತುಕ್ಕಿನ ಚುಕ್ಕೆಗೆ ಏನು ಮಾಡಬೇಕು

ತೀರ್ಥಹಳ್ಳಿ ಮನೆಯಲ್ಲಿ ಚರ್ಮದ ಚೀಲದಲ್ಲೇ ಇಟ್ಟಿದ್ದ ತಂದೆಯವರ ಸ್ಮಿತ್ ಅಂಡ್ ವೆಸನ್ ಮಾಡೆಲ್ 19 ರಿವಾಲ್ವರ್‌ಗೆ ಕಂದು ಚುಕ್ಕೆ ಬಂದಿದೆ, ಸ್ಯಾಂಡ್ ಪೇಪರ್ ಹಾಕಿ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿ-ಕಪ್ಪು ಪದರ) ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. 1955ರಲ್ಲಿ ಶುರುವಾದ ಈ ಮಾದರಿಯ ಬೆಲೆಯೆಲ್ಲ ಮೂಲ ನೀಲಿ ಹೊಳಪಿನಲ್ಲಿದೆ; ಒಮ್ಮೆ ಉಜ್ಜಿದರೆ ಅಂಚುಗಳೂ ಅಕ್ಷರಗಳೂ ಮಸುಕಾಗುತ್ತವೆ.

ಮೊದಲು ಸಿಲಿಂಡರ್ ತೆರೆದು ಗುಂಡು ಕೂರುವ ಆರೂ ಕೋಣೆ ಖಾಲಿ ಇವೆಯೇ ನೋಡಿ. ಚುಕ್ಕೆಯ ಮೇಲೆ ತೆಳು ಗನ್ ಆಯಿಲ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಣ್ಣೆಯಲ್ಲಿ ನೆನೆಸಿದ 0000 ದರ್ಜೆಯ (ಅತಿ ನಯವಾದ) ಸ್ಟೀಲ್ ವೂಲ್‌ನಿಂದ, ಒತ್ತದೆ, ಉಜ್ಜಿ. ಅದಕ್ಕಿಂತ ಒರಟಾದದ್ದು ನೀಲಿಯನ್ನೇ ಎತ್ತಿಬಿಡುತ್ತದೆ. ಹಿಡಿಯ ಮರದ ಪಟ್ಟಿಗಳನ್ನೂ ಬಿಚ್ಚಿ ನೋಡಿ. ತುಕ್ಕು ಬಹಳ ಸಲ ಅಲ್ಲೇ ಅಡಗಿರುತ್ತದೆ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಡ್ರೈವರ್ ಇಲ್ಲದಿದ್ದರೆ ಕೈ ಹಾಕಬೇಡಿ.

ಕಾರಣ ಚರ್ಮವೇ. ಅದು ನಮ್ಮ ಜಡಿಮಳೆಯ ತೇವ ಹೀರಿ, ಚರ್ಮ ಹದ ಮಾಡುವಾಗ ಉಳಿದ ಉಪ್ಪು–ಆಮ್ಲದ ಜೊತೆ ಉಕ್ಕಿಗೆ ಅಂಟಿಸುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯೂ ಕೆಡಿಸುತ್ತದೆ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ದಿನಕ್ಕೊಮ್ಮೆ ತೆಗೆದು ನೋಡಿ.

ಪರವಾನಗಿ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ, ರಿಪೇರಿಗೆಂದು ಎಲ್ಲಿಗೂ ಒಯ್ಯುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಬಳಿ ಎರಡೇ ಬಂದೂಕು ಇರಬಹುದು, ತೋಟದ ಕೋವಿಯೂ ಆ ಲೆಕ್ಕಕ್ಕೇ ಸೇರುತ್ತದೆ.