ವಾರಕ್ಕೊಮ್ಮೆ ಜನರೇಟರ್ ಸ್ಟಾರ್ಟ್ ಮಾಡಿ ನೋಡಿದರೆ ಸಾಕೇ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ಮೊನ್ನೆ ಬಿರುಗಾಳಿಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಗಿ ಇಪ್ಪತ್ತೇ ನಿಮಿಷಕ್ಕೆ ನಿಂತುಬಿಟ್ಟಿತು. ಪ್ರತಿ ವಾರ ತಪ್ಪದೆ ಸ್ಟಾರ್ಟ್ ಮಾಡಿ ನೋಡುತ್ತಿದ್ದರು. ಆದರೂ ಕೈಕೊಟ್ಟಿದ್ದು ಯಾಕೆ? ನಮ್ಮಂಥವರು ಮಾಡಬಹುದಾದದ್ದು ಏನಾದರೂ ಇದೆಯಾ?

ಉತ್ತರ: ಸಿಸ್ಟರ್, ನಿಮ್ಮ ಪತ್ರ ಓದುತ್ತಿದ್ದಂತೆ ಪಂಪ್‌ಹೌಸಿನ ಒಂದು ರಾತ್ರಿ ಕಣ್ಣ ಮುಂದೆ ಬಂತು. ನೀರು ಸರಬರಾಜಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ನಮ್ಮ ಜನರೇಟರನ್ನೂ ಪ್ರತಿ ಸೋಮವಾರ ಐದು ನಿಮಿಷ ಓಡಿಸುತ್ತಿದ್ದೆವು. ಲಾಗ್‌ಬುಕ್ಕಿನಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆವು. ಆ ರಾತ್ರಿ ಎರಡು ಪಂಪಿನ ಲೋಡ್ ಬಿದ್ದದ್ದೇ ತಡ, ಸ್ವಲ್ಪ ಹೊತ್ತಿಗೆ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿ ಟಾರ್ಚ್ ಹಿಡಿದೆ. ಒಳಗೆಲ್ಲ ಕಪ್ಪು ಲೋಳೆ. ತಿಂಗಳುಗಟ್ಟಲೆ ನಿಂತ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರಿನ ಪಸೆ ಸೇರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಹೀಗೆ ಲೋಳೆಯಾಗುತ್ತದೆ. ಲೋಡ್ ಇಲ್ಲದ ಇಂಜಿನ್ ಎಳೆಯುವ ಡೀಸೆಲ್ ತೀರಾ ಕಮ್ಮಿ. ಅಷ್ಟಕ್ಕೆ ಫಿಲ್ಟರ್ ಕಟ್ಟಿರುವುದು ಗೊತ್ತೇ ಆಗುವುದಿಲ್ಲ.

ನಿಮ್ಮಲ್ಲಿ ಆಗಿದ್ದೂ ಇದೇ ಎಂದು ಇಲ್ಲಿ ಕೂತು ಹೇಳಲಾರೆ. ಫಿಲ್ಟರನ್ನಂತೂ ಮೊದಲು ತೆಗೆಸಿ ನೋಡಿ. ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಪರೀಕ್ಷೆಯೇ ಅಲ್ಲ. ಇಂಜಿನ್ ಸರಿಯಾಗಿ ಬಿಸಿಯಾಗದೆ, ಪೂರ್ತಿ ಉರಿಯದ ಡೀಸೆಲ್ ಹೊಗೆಕೊಳವೆಯಲ್ಲಿ ಮಸಿಯಾಗಿ ಕೂರುತ್ತದೆ. ಅಂದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಅಮೆರಿಕದ ಎನ್‌ಎಫ್‌ಪಿಎ 110 ಎಂಬ ಮಾನದಂಡದ ಪ್ರಕಾರ ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ ಓಡಿಸಬೇಕು, ಅದೂ ಸಾಮರ್ಥ್ಯದ ಶೇ. 30ಕ್ಕೆ ಕಡಿಮೆಯಿಲ್ಲದ ಲೋಡಿನಲ್ಲಿ.

ಯಂತ್ರ ಗಟ್ಟಿಯಿದ್ದು ಅದರ ಜೊತೆಯದ್ದು ಕೈಕೊಡುವುದೂ ಉಂಟು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿತು. ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್ 13ನೇ ಮಹಡಿಯಲ್ಲಿತ್ತು. ನೀರು ಅಲ್ಲಿಗೆ ಏರುವುದಿಲ್ಲ, ಅಲ್ವಾ? ಆದರೆ ಡೀಸೆಲ್ ಮೇಲಕ್ಕೆತ್ತುವ ಪಂಪ್ ಇದ್ದದ್ದು ನೆಲಮಾಳಿಗೆಯಲ್ಲಿ. ಅದು ಮುಳುಗಿತು. ಜನ ಮೆಟ್ಟಿಲುಗಳ ಉದ್ದಕ್ಕೂ ಸಾಲಾಗಿ ನಿಂತು, ಕೈಯಿಂದ ಕೈಗೆ ಡೀಸೆಲ್ ದಾಟಿಸಿದರು. ಆ ಸಾಲನ್ನು ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು.

ಇನ್ನು ನೀವು ಮಾಡಬಹುದಾದದ್ದು. ನಿಮ್ಮ ವಾರ್ಡಿನ ಯಾವ ಪ್ಲಗ್‌ಗೆ ಜನರೇಟರ್ ಲೈನ್ ಇದೆ ಎಂದು ಎಲೆಕ್ಟ್ರಿಷಿಯನ್‌ನ ಕೇಳಿ, ಕೆಂಪು ಗುರುತು ಹಾಕಿಸಿ. ವೆಂಟಿಲೇಟರ್ ಬ್ಯಾಟರಿ ನಿಜಕ್ಕೂ ಎಷ್ಟು ಹೊತ್ತು ಬರುತ್ತದೆ, ಅದನ್ನೂ ತಿಳಿದುಕೊಳ್ಳಿ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಕಪಾಟಿನಲ್ಲಿ ಬೇಡ, ಮಂಚದ ಪಕ್ಕದಲ್ಲೇ ಇರಲಿ.

ಮುಖ್ಯವಾದ ಇನ್ನೊಂದು ಮಾತು. ಆ ರಾತ್ರಿ ನನ್ನ ನಂತರದ ಪಾಳಿಗೆ ಬರಬೇಕಿದ್ದವರಿಗೆ ರಸ್ತೆ ಮುಳುಗಿ ಬರಲಾಗಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ವಾಲ್ವಿನ ನಂಬರೇ ಓದಲಾಗುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು. ನಿಮ್ಮ ಜನರೇಟರ್ ಆಪರೇಟರ್‌ಗೆ ಬರಲಾಗದಿದ್ದರೆ ಮೇನ್ ಲೈನಿನಿಂದ ಜನರೇಟರ್ ಲೈನಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ತಿರುಗಿಸಲು ಬೇರೆ ಯಾರಿಗೆ ಬರುತ್ತದೆ? ಮುಂದಿನ ಮೀಟಿಂಗಿನಲ್ಲಿ ಇದೊಂದನ್ನು ಕೇಳಿಯೇ ಕೇಳಿ. ಲೋಡ್ ಪರೀಕ್ಷೆ ಮಾಡಿಸುವುದಾದರೆ ಹಗಲಲ್ಲೇ ಮಾಡಿಸಿ. ಆಪರೇಷನ್ ಇಲ್ಲದ ಹೊತ್ತು ನೋಡಿ, ಎಲ್ಲ ವಾರ್ಡಿಗೂ ಹಿಂದಿನ ದಿನವೇ ಹೇಳಿಬಿಡಿ.